ಎಪ್ಪತ್ತು ಕತ್ತಿಯ ಚೌಕ

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಸಾಗರದ ಗೋಣಿಕಟ್ಟೆ ಚೌಕಕ್ಕೆ ಹೋಗಿ ಪೆಟ್ಟು ತಿನ್ನದೆ ಮರಳಿದವನು ಒಂದೋ ಪೊಲೀಸಿನವನಾಗಿರಬೇಕು, ಇಲ್ಲವೇ ಪೆಟ್ಟು ಕೊಟ್ಟವನೇ ಆಗಿರಬೇಕು. ಚೌಕ ಅನ್ನುವುದೂ ಬಾಯಿಮಾತಿಗೆ ಅಷ್ಟೆ. ಪೇಟೆಯ ನಟ್ಟನಡುವೆ ಒಂದು ಗೋಣಿಮರ, ಅದರ ಬುಡಕ್ಕೆ ಕಲ್ಲು ಕಿತ್ತುಹೋದ ಕಟ್ಟೆ, ಸುತ್ತ ಬಸ್ಸಿನ ಚಕ್ರ ಉತ್ತುಹಾಕಿದ ನೆಲ, ಮೂಲೆಯಲ್ಲಿ ಸಾರಾಯಿ ಅಂಗಡಿ. ಖಾಸಗಿ ಬಸ್ಸುಗಳೆಲ್ಲ ಅಲ್ಲೇ ಬಂದು ನಿಲ್ಲುತ್ತಿದ್ದವು. ಅವುಗಳ ಏಜೆಂಟರು ಜನರನ್ನು ಕರೆಯುತ್ತಿರಲಿಲ್ಲ, ಎಳೆಯುತ್ತಿದ್ದರು. ಹಿನ್ನೀರು ದಾಟುವ ಲಾಂಚ್ ಹಿಡಿದು ಬ್ಯಾಕೋಡಿಗೆ ಹೋಗಬೇಕಾದ ಮುದುಕಿಯ ಬಲಗೈ ಒಬ್ಬನ ಹಿಡಿತದಲ್ಲಿ, ಎಡಗೈ ಇನ್ನೊಬ್ಬನ ಹಿಡಿತದಲ್ಲಿ, ಗಂಟು ಮೂರನೆಯ ಬಸ್ಸಿನ ಟಾಪಿನ ಮೇಲೆ. ಮುದುಕಿ ಅತ್ತರೆ ನಗು, ಬೈದರೆ ಕೆನ್ನೆಗೆ ಏಟು. ಆ ಕಟ್ಟೆಯ ಮೇಲೆ ಹೆಂಗಸೊಬ್ಬಳು ಒಂದು ಗಳಿಗೆ ಕೂತದ್ದನ್ನು ನೋಡಿದವರಿಲ್ಲ. ಊರಿನ ದೊಡ್ಡ ಮನುಷ್ಯರು ಇದನ್ನೆಲ್ಲ ಬಲ್ಲವರೇ. ಬಲ್ಲವರಾದ್ದರಿಂದಲೇ ಹಿಂದಿನ ಬೀದಿಯಲ್ಲಿ ಓಡಾಡುತ್ತಿದ್ದರು.

ಸಾಲದ್ದಕ್ಕೆ ಕತ್ತಿ. ನಮ್ಮ ಕಡೆಯ ಗಂಡಸರು ಅಂಗಿ ಇಲ್ಲದೆ ಬೇಕಾದರೂ ಮನೆಯಿಂದ ಹೊರಡುತ್ತಾರೆ, ಸೊಂಟದ ಕೊಕ್ಕೆಗೆ ಕತ್ತಿ ಸಿಕ್ಕಿಸದೆ ಹೊರಡುವುದಿಲ್ಲ. ಸೊಪ್ಪು ಕಡಿಯುವುದಕ್ಕೆ, ಬಾಳೆ ಎಲೆ ಕೊಯ್ಯುವುದಕ್ಕೆ, ದಾರಿಗಡ್ಡ ಬಂದ ಮುಳ್ಳು ಸವರುವುದಕ್ಕೆ ಅದು ಬೇಕು. ಅದನ್ನು ಯಾರೂ ಆಯುಧ ಅಂದುಕೊಂಡವರಲ್ಲ. ಆದರೆ ಹೊಟ್ಟೆಗೆ ಸಾರಾಯಿ ಇಳಿದು, ಎದುರಿಗಿದ್ದವನು ತಾಯಿಯ ಹೆಸರೆತ್ತಿ ಬೈದಾಗ ಕೈ ತಾನಾಗಿಯೇ ಸೊಂಟಕ್ಕೆ ಹೋಗುತ್ತದೆ. ಸಂತೆ ಕಳೆದ ಮರುದಿನ ಗೋಣಿಕಟ್ಟೆಯ ನೆಲದ ಮೇಲೆ ಮರಳು ಚೆಲ್ಲುವುದು ಆ ಕಾಲದಲ್ಲಿ ವಾರವಾರದ ಕೆಲಸವೇ ಆಗಿತ್ತು.

ಈ ಚೌಕದ ಬಾಯಲ್ಲಿ ಸಾಣೆ ಹಿಡಿಯುತ್ತಿದ್ದವರು ಜಟ್ಟಿಂಗಪ್ಪ ಮತ್ತು ಅವನ ಹೆಂಡತಿ ದುಗ್ಗಮ್ಮ. ಶರಾವತಿಗೆ ಅಣೆಕಟ್ಟು ಕಟ್ಟಿದಾಗ ಅವರ ಊರು ಮುಳುಗಡೆಯಾಯಿತು. ಗದ್ದೆ ಹೋಯಿತು, ಮನೆ ಹೋಯಿತು. ಸಾಣೆಕಲ್ಲಿನ ಚಕ್ರವೊಂದೇ ಗಾಡಿಯಲ್ಲಿ ಹಿಡಿಸಿತು. ಪೇಟೆಗೆ ಬಂದು ಅದನ್ನೇ ಹೂಡಿಕೊಂಡು ಕೂತರು. ದುಗ್ಗಮ್ಮ ಚಕ್ರದ ಪಟ್ಟಿ ಎಳೆಯುವುದು, ಜಟ್ಟಿಂಗಪ್ಪ ಕತ್ತಿ ಹಿಡಿಯುವುದು. ದುಗ್ಗಮ್ಮನಿಗೆ ಕತ್ತಿಯ ಹಿಡಿ ಕಂಡರೆ ಸಾಕು, ಇದು ಯಾವ ಊರಿನ ಯಾರ ಮನೆಯದು ಅಂತ ಹೇಳುತ್ತಿದ್ದಳು. ಮನುಷ್ಯರ ಮುಖ ಅಷ್ಟು ನೆನಪಿರುತ್ತಿರಲಿಲ್ಲ.

ಎಪ್ಪತ್ಮೂರರ ದೀಪಾವಳಿಗೆ ಮುಂಚಿನ ಸಂತೆಯಲ್ಲಿ ಬಸ್ಸಿನ ಸೀಟಿಗಾಗಿ ಇಬ್ಬರು ಜಗಳ ತೆಗೆದರು. ಒಬ್ಬ ಸೀಟಿನ ಮೇಲೆ ಟವೆಲ್ಲು ಹಾಕಿದ್ದ, ಇನ್ನೊಬ್ಬ ಆ ಟವೆಲ್ಲನ್ನು ಕಿಟಕಿಯಿಂದಾಚೆ ಎಸೆದಿದ್ದ. ಇಷ್ಟೇ ಕಾರಣ, ನಂಬಿದರೆ ನಂಬಿ. ಜಟ್ಟಿಂಗಪ್ಪ ಬಿಡಿಸಲು ಹೋದ. ಬೀಸಿದ ಕತ್ತಿ ಬೀಸಿದವನ ವೈರಿಗೆ ತಾಗದೆ ಇವನ ಕುತ್ತಿಗೆಗೆ ತಾಗಿತು. ದುಗ್ಗಮ್ಮ ಓಡಿಹೋಗಿ ಸೆರಗು ಮುದ್ದೆ ಮಾಡಿ ಒತ್ತಿ ಹಿಡಿದಳು, ಸೆರಗಿನಿಂದಾಚೆ ರಕ್ತ ಚಿಮ್ಮಿ ಅವಳ ಬಾಯೊಳಗೇ ಹೋಯಿತು. ಪಕ್ಕದಲ್ಲಿ ಬಿದ್ದ ಕತ್ತಿಯ ಹಿಡಿ ನೋಡಿದಳು. ಒಂದು ಗಂಟೆಯ ಹಿಂದೆ ತಾನು ಪಟ್ಟಿ ಎಳೆದು ಗಂಡ ಹದ ಕೊಟ್ಟ ಕತ್ತಿ ಅದು. ಕಡಿದವನು ತಲೆಯ ಮೇಲೆ ಕೈಹೊತ್ತು, "ನಾನು ಅವ್ನಿಗೆ ಬೀಸಿದ್ದಲ್ಲ ಮಾರಾಯ್ರೇ, ಅವ್ನಿಗಲ್ಲ" ಅಂತ ಅಳುತ್ತ ನಿಂತಿದ್ದ. ಅವನು ಜೈಲಿಗೆ ಹೋದ. ಜಟ್ಟಿಂಗಪ್ಪ ಮಣ್ಣಿಗೆ ಹೋದ.

ಹೆಣ್ಣು ಹೆಂಗಸು, ಚಕ್ರ ಮಾರಿ ಎಲ್ಲಾದರೂ ಕೂಲಿಗೆ ಹೋಗುತ್ತಾಳೆ ಅಂದುಕೊಂಡಿತು ಪೇಟೆ. ಪೇಟೆಗೆ ಅವಳು ಗೊತ್ತಿರಲಿಲ್ಲ. ಸೂತಕ ಕಳೆದ ಮೇಲೆ ದುಗ್ಗಮ್ಮ ಚೌಕದ ಬಾಯಲ್ಲಿ ಎರಡು ಗೂಟ ನೆಟ್ಟು, ನಡುವೆ ಉದ್ದನೆಯ ಬಿದಿರಿನ ಗಳ ಕಟ್ಟಿದಳು. ಒಳಗೆ ಹೋಗುವವರು ಕತ್ತಿಯನ್ನು ಗಳಕ್ಕೆ ಸಿಕ್ಕಿಸಿ ಹೋಗಬೇಕು, ಹೊರಡುವಾಗ ತೆಗೆದುಕೊಳ್ಳಬೇಕು ಅಂದಳು. ಗಂಡಸರು ನಕ್ಕರು. ನಗಲಿ ಅಂತ ಬಿಟ್ಟಳು. ಅಡಿಕೆ ಕೊಯ್ಲು ಹತ್ತಿರ ಬಂತು, ಕತ್ತಿ ಮೊಂಡಾಯಿತು, ಸಾಣೆಗೆ ಬಂದರು. ಆಗ ದುಗ್ಗಮ್ಮ ಒಬ್ಬೊಬ್ಬನ ಕತ್ತಿಯನ್ನೂ ತಿರುಗಿಸಿ ಕೊಟ್ಟಳು. "ಗಳಕ್ಕೆ ಹಾಕದ ಕತ್ತಿಗೆ ನನ್ ಕಲ್ಲು ತಾಗಲ್ಲ. ಹಲ್ಲಲ್ಲಿ ಕೊಯ್ಕೊಳ್ಳಿ ಅಡ್ಕೆ!"

ಬಾಯಿಮಾತಿಗೆ ಬಗ್ಗದವರಿಗೆ ಅವಳ ಹತ್ತಿರ ಒಂದು ಹಾರೆ ಇತ್ತು. ಮೊದಲ ವರ್ಷ ಮೂವರ ಮಣಿಕಟ್ಟು ಮುರಿಯಿತು. ಒಬ್ಬ ಕುಡುಕ ಅವಳ ಜುಟ್ಟು ಹಿಡಿದು ಕಟ್ಟೆಗೆ ಹಣೆ ಜಜ್ಜಿದ. ಅವಳು ಕೆಳಗೆ ಬಿದ್ದಲ್ಲಿಂದಲೇ ಅವನ ಮೊಣಕಾಲಿಗೆ ಹಾರೆ ಬೀಸಿದಳು. ಅವನು ಆಮೇಲೆ ಸಾಯುವ ತನಕ ಕುಂಟಿದ, ಅವಳ ಹಣೆಯ ಮೇಲೆ ಬೆರಳುದ್ದದ ಗಾಯದ ಕಲೆ ಉಳಿಯಿತು. ಎರಡನೆಯ ವರ್ಷ ಜನ ಬೈದುಕೊಂಡು ಕತ್ತಿ ಇಟ್ಟು ಹೋದರು. ಮೂರನೆಯ ವರ್ಷ ಬೈಯದೆ ಇಟ್ಟು ಹೋದರು. ಕತ್ತಿ ಇಡದೆ ಒಳಗೆ ಹೋದವನನ್ನು ಬೇರೆಯವರೇ ತಡೆದು ವಾಪಸು ಕಳಿಸುವುದು ರೂಢಿಯಾಯಿತು.

ತುರ್ತು ಪರಿಸ್ಥಿತಿಯ ದಿನಗಳಲ್ಲಿ ಎಲ್ಲರಿಗೂ ಎಲ್ಲದರ ಭಯ. ಆಗ ಯಾರೋ ಅಧಿಕಾರಿಯ ಒಂದು ಮಾತಿಗೆ ಬಸ್ಸುಗಳು ಊರ ಹೊರಗಿನ ಬಯಲಿಗೆ ಹೋದವು. ಸಾರಾಯಿ ಅಂಗಡಿಯೂ ಗಿರಾಕಿಯ ಹಿಂದೆ ಹೋಯಿತು. ಖಾಲಿಯಾದ ನೆಲಕ್ಕೆ ಮೊದಲು ಬಂದವನು ಕೊಡೆ ರಿಪೇರಿ ಮಾಡುವ ಬೆಳ್ಳಪ್ಪ. ಅವನ ಹಿಂದೆ ಬಟ್ಟೆ ಹೊಲಿದು ಇಸ್ತ್ರಿ ಮಾಡುವ ವನಮಾಲಾ ಬಂದಳು. ಪಾತ್ರೆಗೆ ಕಲಾಯಿ ಹಾಕುವವನು, ಹಗ್ಗ ಹೊಸೆಯುವವನು, ಬಜ್ಜಿ ಕರಿಯುವವನು, ಸೊಪ್ಪು ಮತ್ತು ಮೆಣಸಿನಪುಡಿಯ ರಂಗಮ್ಮ, ಹೀಗೆ ದಿನಬಳಕೆಗೆ ಬೇಕಾದವರೆಲ್ಲ ಒಬ್ಬೊಬ್ಬರಾಗಿ ಬಂದು ಸೇರಿದರು. ಅಷ್ಟರಲ್ಲಿ ಬೆಳೆದು ನಿಂತಿದ್ದ ದುಗ್ಗಮ್ಮನ ಮಗ ಹೂವಪ್ಪ ಗ್ಯಾಸ್‌ಲೈಟು, ಸ್ಟವ್ವು ರಿಪೇರಿಯ ಅಂಗಡಿ ಹಾಕಿದ. ಬಸ್ಸು ಒಳಗೆ ಬರುತ್ತಿದ್ದ ಹಿಂದಿನ ಬಾಯಿಗೆ ಎಲ್ಲರೂ ಸೇರಿ ಆಳೆತ್ತರದ ಕಲ್ಲುಗಳನ್ನು ಸಾಲಾಗಿ ಹೂತರು. ಕಟ್ಟೆಯ ಕಲ್ಲು ಕೂರಿಸಿದರು. ಹೆಂಗಸರು ಬಂದರು, ಕೂತರು, ಕಾಲು ಚಾಚಿ ಎಲೆ ಅಡಿಕೆ ಹಾಕಿಕೊಂಡರು. ದುಗ್ಗಮ್ಮ ಅದನ್ನು ದೂರದಿಂದ ನೋಡುತ್ತ ಪಟ್ಟಿ ಎಳೆಯುತ್ತಿದ್ದಳು. ಅವಳಿಗೆ ಆಗ ಹೊಟ್ಟೆ ತುಂಬಿದಷ್ಟು ಸಂತೋಷವಾಗುತ್ತಿತ್ತು. ಹೂವಪ್ಪನಿಗೆ ಹೊಳೆಯಾಚೆಯ ಬ್ಯಾಕೋಡಿನ ಕಡೆಯಿಂದ ಶರಾವತಿ ಅನ್ನುವ ಹುಡುಗಿಯನ್ನು ತಂದದ್ದೂ ಆ ವರ್ಷಗಳಲ್ಲೇ.

ಎಪ್ಪತ್ತೊಂಬತ್ತಕ್ಕೆ ಎಲ್ಲರ ಭಯ ಹೋಗಿತ್ತು, ಕೆಟ್ಟವರದ್ದೂ. ಮುಕುಂದಯ್ಯ ಎಂಬವನಿಗೆ ಐದು ಬಸ್ಸಿತ್ತು. ಊರ ಹೊರಗಿನ ಬಯಲಿಗೆ ಜನ ನಡೆದು ಬರುತ್ತಿಲ್ಲ, ಚೌಕ ಮತ್ತೆ ನನ್ನ ಬಸ್ಸಿಗೆ ಬೇಕು ಅಂದ. ಒಂದು ದಿನ ಬಿಳಿ ಪಂಚೆ ಎತ್ತಿಕೊಂಡು ಖುದ್ದು ಗಳದ ಹತ್ತಿರ ಬಂದು ನಿಂತ. ಅವನ ಹಿಂದೆ ಅವನ ಏಜೆಂಟರ ಯಜಮಾನ ಧರ್ಮಪ್ಪ. ಎಮ್ಮೆಯಷ್ಟು ಕುತ್ತಿಗೆ ಇದ್ದ ಆಳು ಅವನು.

"ಎಂತ ದುಗ್ಗಮ್ಮ, ಚೌಕ ನಿನ್ನ ಗಂಡ ಮಾಡಿಟ್ಟ ಆಸ್ತಿಯಾ?" ಅಂದ ಮುಕುಂದಯ್ಯ.

"ಆಸ್ತಿ ಎಲ್ಲಿಂದ ಬರ್ಬೇಕು ಅಯ್ಯನೋರೇ, ಅದೆಲ್ಲ ಮುಳುಗ್ತಲ್ಲ. ಇದು ಅವ್ರು ಸತ್ತ ಜಾಗ."

"ಒಂದು ವಾರ ಟೈಮ್ ಕೊಡ್ತೀನಿ. ಹಿಂದಿನ ಬಾಯಿ ಕಲ್ಲು ತೆಗೀರಿ."

"ಕಲ್ಲು ಹೂತಿದ್ದು ನಾನೊಬ್ಳೇ ಅಲ್ಲ. ನಾನೊಬ್ಳೇ ತೆಗೆಯೋಕೂ ಆಗಲ್ಲ. ನೀವು ಒಳಗೆ ಬಂದು ಕೂರಿ ಬೇಕಾದ್ರೆ, ರಂಗಮ್ಮ ಎಲೆ ಅಡ್ಕೆ ಕೊಡ್ತಾಳೆ. ಧರ್ಮಪ್ಪಣ್ಣ, ನೀನು ಮಾತ್ರ ಕತ್ತಿ ಇಟ್ಟು ಹೋಗು."

ಧರ್ಮಪ್ಪ ಗಳಕ್ಕೆ ಉಗಿದ. ಮುಕುಂದಯ್ಯ ನಗುತ್ತಲೇ ಹೋದ. ಅಂಥವರು ಕೈ ಎತ್ತುವುದಿಲ್ಲ, ಎತ್ತುವವರನ್ನು ಸಾಕಿರುತ್ತಾರೆ.

ಮುಂದಿನ ಸಂತೆಯ ದಿನ, ಮಧ್ಯಾಹ್ನ ಹನ್ನೆರಡರ ಬಿಸಿಲು. ಚೌಕದಲ್ಲಿ ಹೆಜ್ಜೆ ಇಡಲು ಜಾಗವಿಲ್ಲ. ಅರ್ಧಕ್ಕರ್ಧ ಹೆಂಗಸರು, ಕಂಕುಳಲ್ಲಿ ಕೂಸು. ಗಳದ ಮೇಲೆ ಅಂದು ಎಪ್ಪತ್ತು ಕತ್ತಿ ನೇತಾಡುತ್ತಿದ್ದವು. ದುಗ್ಗಮ್ಮ ಎಲ್ಲ ದಾರಿ ಕಾದಿದ್ದಳು, ಒಂದನ್ನು ಬಿಟ್ಟು. ಕತ್ತಿ ಸೊಂಟದಲ್ಲಿ ನಡೆದು ಬರುತ್ತದೆ ಅಂತ ಮಾತ್ರ ಅವಳಿಗೆ ಗೊತ್ತಿತ್ತು. ಬಸ್ಸಿನಲ್ಲಿ ಕೂತು ಬರುತ್ತದೆ ಅಂತ ಹೊಳೆದಿರಲಿಲ್ಲ.

ಮುಕುಂದಯ್ಯನ ಬಸ್ಸು ಹಿಂದಿನ ಬಾಯಿಗೆ ಹಾರ್ನ್ ಒತ್ತಿಕೊಂಡೇ ನುಗ್ಗಿತು. ಎರಡು ಕಲ್ಲು ಮುರಿದವು, ಮೂರನೆಯದು ಬೆಳ್ಳಪ್ಪನ ಅಂಗಡಿಯ ಮೇಲೆ ಉರುಳಿತು. ಬೆಳ್ಳಪ್ಪನ ಕಾಲು ಅದರ ಕೆಳಗೆ. ಅವನ ಕೂಗು ಹಾರ್ನಿಗಿಂತ ಮೇಲೆ ಕೇಳಿತು. ಬಸ್ಸಿನ ಬಾಗಿಲಿನಿಂದ ಹನ್ನೆರಡು ಜನ ಕತ್ತಿ ಹಿರಿದುಕೊಂಡೇ ಧುಮುಕಿದರು. ಧರ್ಮಪ್ಪ ಮುಂದೆ. ಸಿಕ್ಕಿದ್ದನ್ನು ಕಡಿಯುತ್ತ ಬಂದರು: ಚಪ್ಪರದ ಕಂಬ, ಹಗ್ಗ, ಬುಟ್ಟಿ, ಅಡ್ಡ ಬಂದವರ ಕೈ. ಕಲಾಯಿಯವನ ಕಿವಿ ಹರಿದು ಭುಜದ ಮೇಲೆ ಜೋತುಬಿತ್ತು.

ಚೌಕದ ಗಂಡಸರೆಲ್ಲ ಗಳದ ಕಡೆಗೆ ಓಡಿಬಂದರು. "ದುಗ್ಗಕ್ಕಾ, ಕತ್ತಿ! ಕತ್ತಿ ಕೊಡು!"

ದುಗ್ಗಮ್ಮ ಗಳಕ್ಕೆ ಬೆನ್ನು ಕೊಟ್ಟು ಹಾರೆ ಅಡ್ಡ ಹಿಡಿದು ನಿಂತಳು. ಎದುರಿಗಿದ್ದವರು ಒಳ್ಳೆಯವರೇ, ದಿನಾ ಕಂಡ ಮುಖಗಳೇ. ಆದರೆ ಎಪ್ಪತ್ತು ಕತ್ತಿ ಆ ಇಕ್ಕಟ್ಟಿನೊಳಗೆ, ಆ ಹೆಂಗಸರು ಕೂಸುಗಳ ನಡುವೆ ಬೀಸಿದರೆ ಯಾವುದು ಯಾರಿಗೆ ತಾಗುತ್ತದೆ ಅಂತ ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಪೇಟೆಯಲ್ಲಿ ಇರಲಿಲ್ಲ. ಮುಂದೆ ಬಂದವನ ಎದೆಗೆ ಹಾರೆಯಲ್ಲಿ ತಿವಿದಳು. ಅವನು ಹಿಂದಿನವರ ಮೇಲೆ ಬಿದ್ದ. "ಕೊಡಲ್ಲ! ಕೈಗೆ ಸಿಕ್ಕಿದ್ರಲ್ಲಿ ಹೊಡೀರಿ ಹೋಗ್ರೋ! ಕತ್ತಿ ಕೊಡಲ್ಲ!"

ಜನ ಬೈದುಕೊಂಡೇ ಚೌಕದೊಳಕ್ಕೆ ತಿರುಗಿದರು, ಗಳದ ಎದುರು ನಾಲ್ಕೈದು ಜನ ಉಳಿದಾಗ ಹೂವಪ್ಪ ಬಂದ. "ಅವ್ವಾ, ನನ್ ಕತ್ತಿ."

"ಕೊಡಲ್ಲ ಮಗಾ."

"ಅವ್ರ ಹತ್ರ ಇದೆಯಲ್ಲೇ! ಕಾಣ್ತಾ ಇಲ್ವಾ ನಿಂಗೆ?"

"ಅವ್ರ ಹತ್ರ ಹನ್ನೆರಡಿದೆ. ನಾನು ಕೊಟ್ರೆ ಎಂಬತ್ತೆರಡಾಗುತ್ತೆ."

"ನಂದೊಂದು ಕೊಡೇ. ನಾನು ನಿನ್ ಮಗ ಅಲ್ವಾ?"

"ನಿಂಗೆ ಕೊಟ್ಟು ಇವ್ರಿಗೆ ಹ್ಯಾಗೆ ಇಲ್ಲ ಅನ್ಲಿ?"

ಹೂವಪ್ಪ ಮಾತು ಬಿಟ್ಟು ಅವಳ ತಲೆಯ ಮೇಲಿಂದ ಕೈ ಚಾಚಿದ. ಬೆರಳು ಹಿಡಿಗೆ ತಾಗಿತು. ದುಗ್ಗಮ್ಮ ಹಾರೆ ಬೀಸಿದಳು. ಇಷ್ಟು ವರ್ಷ ಕಂಡವರ ಮಣಿಕಟ್ಟಿಗೆ ಬೀಸಿದ ಹಾಗೇ ಬೀಸಿದಳು, ಲಟಕ್ಕೆಂದ ಸದ್ದು ಕೇಳಿದ ಮೇಲೆಯೇ ಅದು ಮಗನ ಬಲಗೈ ಅಂತ ಅವಳಿಗೆ ಅರಿವಾದದ್ದು. ಹೂವಪ್ಪ ಜೋತುಬಿದ್ದ ಕೈಯನ್ನು ಒಮ್ಮೆ, ತಾಯಿಯ ಮುಖವನ್ನು ಒಮ್ಮೆ ನೋಡಿ, ತಿರುಗಿ ಚೌಕದೊಳಕ್ಕೆ ಓಡಿದ. ಶರಾವತಿ ಒಳಗೆ ಅಂಗಡಿಯಲ್ಲಿದ್ದಳು.

ಮುಂದಿನ ಅರ್ಧ ಗಂಟೆಯಲ್ಲಿ ಗೋಣಿಕಟ್ಟೆಯ ಅಂಗಡಿಗಳು ಯಾವ ಯಾವ ಉಪಯೋಗಕ್ಕೆ ಬರುತ್ತವೆ ಅಂತ ಮುಕುಂದಯ್ಯನ ಆಳುಗಳಿಗೆ ಗೊತ್ತಾಯಿತು. ರಂಗಮ್ಮ ಮೆಣಸಿನಪುಡಿಯನ್ನು ಬೊಗಸೆ ಬೊಗಸೆ ಎರಚಿದಳು. ವನಮಾಲಾ ಇಸ್ತ್ರಿ ಪೆಟ್ಟಿಗೆಯ ಮುಚ್ಚಳ ತೆಗೆದು ನಿಗಿನಿಗಿ ಕೆಂಡವನ್ನು ಒಬ್ಬನ ಅಂಗಿಯೊಳಗೆ ಸುರಿದು, ಖಾಲಿ ಪೆಟ್ಟಿಗೆಯಲ್ಲಿ ಅವನ ಹಲ್ಲು ಉದುರಿಸಿದಳು. ಬಜ್ಜಿಯ ಬಾಣಲೆಯ ಎಣ್ಣೆ ಇಬ್ಬರ ಕಾಲಿಗೆ ಬಿತ್ತು, ಚರ್ಮ ಕಾಲುಚೀಲದ ಹಾಗೆ ಸುಲಿದು ಬಂತು. ತೂಕದ ಬಟ್ಟುಗಳು ಹಾರಿದವು. ಎಪ್ಪತ್ತು ಗಂಡಸರು ಬರಿಗೈಯಲ್ಲಿ ಬಸ್ಸಿಗೆ ಹೆಗಲು ಕೊಟ್ಟು ಮಗುಚಿ ಹಾಕಿದರು. ಡ್ರೈವರು ಗಾಜಿನೊಳಗಿಂದ ಹೊರಬಂದಾಗ ಅವನ ಮುಖದಲ್ಲಿ ಮೂಗು ಎಲ್ಲಿ ಅಂತ ಹುಡುಕಬೇಕಾಗಿತ್ತು.

ಹೂವಪ್ಪ ಎಡಗೈಯಲ್ಲಿ ಗ್ಯಾಸ್‌ಲೈಟೊಂದನ್ನು ಹಿಡಿದು ಅಂಗಡಿಯ ಬಾಗಿಲಿಗೆ ಅಡ್ಡ ನಿಂತ. ಧರ್ಮಪ್ಪ ಬೀಸಿದ ಮೊದಲ ಏಟನ್ನು ಗ್ಯಾಸ್‌ಲೈಟು ತಡೆಯಿತು. ಎರಡನೆಯದನ್ನು ತಡೆಯಲು ಬಲಗೈ ಏಳಲಿಲ್ಲ. ಭುಜಕ್ಕೆ ಒಂದು, ಕುತ್ತಿಗೆಗೆ ಒಂದು. ಜನ ಧರ್ಮಪ್ಪನನ್ನು ಕೆಡವಿ ಅವನ ಎರಡೂ ಕಾಲು ಪುಡಿ ಮಾಡಿದರು, ಆದರೆ ಅಷ್ಟರಲ್ಲಿ ಆಗಬಾರದ್ದು ಆಗಿತ್ತು. ಹೂವಪ್ಪ ಹೆಂಡತಿಯ ಮಡಿಲಲ್ಲಿ ಸತ್ತ. ದುಗ್ಗಮ್ಮ ಗಳ ಬಿಟ್ಟು ಬರಲಿಲ್ಲ. ಪೊಲೀಸರು ಬಂದು ಎಲ್ಲರನ್ನೂ ಚದುರಿಸುವ ತನಕ ಅಲ್ಲೇ ನಿಂತಿದ್ದಳು. ಎಪ್ಪತ್ತು ಕತ್ತಿಯೂ ಅಲ್ಲೇ ಇದ್ದವು.

ಸತ್ತವನು ಒಬ್ಬನೇ. ಗಾಯಗೊಂಡವರು ಮೂವತ್ತೊಂದು ಜನ. ಚೌಕದವರ ಕೈಯಲ್ಲಿ ಒಂದು ಕತ್ತಿಯೂ ಇರಲಿಲ್ಲವಾದ್ದರಿಂದ ಎರಡೂ ಕಡೆಯವರ ಹೊಡೆದಾಟ ಅಂತ ತೇಲಿಸಿಬಿಡಲು ಯಾರಿಗೂ ಆಗಲಿಲ್ಲ. ಧರ್ಮಪ್ಪ ಜೈಲಿಗೆ ಹೋದ. ಮುಕುಂದಯ್ಯ ತನಗೇನೂ ಗೊತ್ತಿಲ್ಲ ಅಂತ ಎದೆ ಮುಟ್ಟಿ ಹೇಳಿ ಮನೆಗೆ ಹೋಗಿ ಉಂಡ. ಅವನ ಬಾಯಿಗೆ ಮಣ್ಣು ಬೀಳಲಿ ಅಂತ ಅಂದವರಲ್ಲಿ ನಾನೂ ಒಬ್ಬ, ಬೀಳಲಿಲ್ಲ. ಆದರೆ ಅವನ ಬಸ್ಸು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಅತ್ತೆ ಸೊಸೆ ಒಂದೇ ಮನೆಯಲ್ಲಿ ಉಳಿದರು. ಶರಾವತಿ ವನಮಾಲಾಳ ಹತ್ತಿರ ಹೊಲಿಗೆ ಕಲಿತಳು. ಕತ್ತಿ ಕೊಡಲಿಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ಹಾರೆಯ ಏಟಿನ ವಿಷಯ ಗೊತ್ತಿದ್ದದ್ದು ಎದುರಿಗಿದ್ದ ನಾಲ್ಕೈದು ಜನರಿಗೆ. ಅವರು ದುಗ್ಗಮ್ಮನ ಮೇಲಿನ ಮರ್ಯಾದೆಯಿಂದ ಬಾಯಿ ಬಿಡಲಿಲ್ಲ. ಮುರಿದ ಕೈಯನ್ನು ಧರ್ಮಪ್ಪನ ಲೆಕ್ಕಕ್ಕೇ ಹಾಕಿದರು. ದುಗ್ಗಮ್ಮ ಏಳು ವರ್ಷ ಸೊಸೆಯ ಎದುರು ಕೂತು ಅನ್ನ ಉಂಡಳು. ಒಂದು ತುತ್ತೂ ಸಲೀಸಾಗಿ ಇಳಿಯಲಿಲ್ಲ ಅಂತ ಆಮೇಲೆ ಅವಳೇ ಹೇಳಿದ್ದಾಳೆ.

ಎಂಬತ್ತಾರರಲ್ಲಿ ಊರವರು ಸೇರಿ ಚೌಕಕ್ಕೆ ಹಾಸುಗಲ್ಲು ಹಾಕಿಸಿದರು, ನಲ್ಲಿ ತಂದರು, ಮರದ ಸುತ್ತ ಹತ್ತು ಕಲ್ಲುಬೆಂಚು ಕೂರಿಸಿದರು. ಉದ್ಘಾಟನೆಗೆ ಮೈಕು ಬಂತು, ಭಾಷಣ ಬಂತು. ನಾರಾಯಣಮೂರ್ತಿ ಅಂತ ಒಬ್ಬ ನಿವೃತ್ತ ಮೇಷ್ಟ್ರು, ಒಳ್ಳೆಯವರು, ಮಾತು ಜಾಸ್ತಿ. ದುಗ್ಗಮ್ಮನಿಗೆ ಶಾಲು ಹೊದಿಸಿ ಕಣ್ಣೊರೆಸಿಕೊಂಡು ಹೇಳಿದರು: "ಈ ತಾಯಿ ಅವತ್ತು ಕತ್ತಿ ಕೊಟ್ಟಿದ್ರೂ ಹೂವಪ್ಪ ಉಳೀತಿರ್ಲಿಲ್ಲ. ಅವನ ಆಯುಸ್ಸೇ ಅಷ್ಟು. ವಿಧಿ!"

ದುಗ್ಗಮ್ಮ ಶಾಲು ತೆಗೆದು ಕೆಳಗೆ ಹಾಕಿದಳು. "ಸುಳ್ಳು ಮೇಷ್ಟ್ರೇ. ಕೊಟ್ಟಿದ್ರೆ ಬದುಕ್ತಿದ್ದ."

ಮೈಕು ಅದನ್ನು ಚೌಕಕ್ಕೆಲ್ಲ ಕೇಳಿಸಿತು. ಮೇಷ್ಟ್ರು ಮೈಕನ್ನು ಪಕ್ಕಕ್ಕೆ ಎಳೆಯಲು ನೋಡಿದರು. ದುಗ್ಗಮ್ಮ ಅವರ ಕೈ ತಳ್ಳಿದಳು. "ಕತ್ತಿ ಕೊಡ್ಲಿಲ್ಲ ಅಷ್ಟೇ ಅಲ್ಲ. ತಗೊಳ್ಳೋಕೆ ಬಂದ ಕೈನ ನಾನೇ ಮುರಿದೆ, ನನ್ ಹಾರೆಲಿ. ಎರಡು ಕೈ ಇದ್ದಿದ್ರೂ ಬದುಕ್ತಿದ್ದ. ಧರ್ಮಪ್ಪ ಆಮೇಲೆ ಕಡಿದಿದ್ದು. ಇದ್ರಲ್ಲಿ ವಿಧಿ ಎಲ್ಲಿಂದ ಬಂತು?"

ಹೆಂಗಸರ ನಡುವಿನಿಂದ ಶರಾವತಿ ಎದ್ದು ಬಂದಳು. ಬಂದವಳೇ ಅತ್ತೆಯ ಕೆನ್ನೆಗೆ ಬಾರಿಸಿದಳು. ಒಂದಲ್ಲ, ಕೈ ಸೋಲುವ ತನಕ. ದುಗ್ಗಮ್ಮನ ತುಟಿ ಒಡೆದು ಗಲ್ಲದ ಮೇಲೆ ರಕ್ತ ಇಳಿಯಿತು. ತಡೆಯಲು ಬಂದವರನ್ನು ದುಗ್ಗಮ್ಮನೇ ಕೈಯೆತ್ತಿ ನಿಲ್ಲಿಸಿದಳು. ಅರವತ್ತರ ಹತ್ತಿರದ ಮುದುಕಿ, ಬೇಕೆಂದರೆ ಇಂಥ ನಾಲ್ವರನ್ನು ಕೆಡವಬಲ್ಲವಳು, ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ.

"ಈ ಬೆಂಚಿಗಾ ಅತ್ತೆ?" ಶರಾವತಿಯ ದನಿ ಸೀಳಿಹೋಗಿತ್ತು. "ನನ್ ಗಂಡನ್ನ ನೀವು ಕೊಟ್ಟಿದ್ದು ಈ ಕಲ್ಲುಬೆಂಚಿಗಾ?"

"ಹೌದು," ಅಂದಳು ದುಗ್ಗಮ್ಮ.

ಶರಾವತಿಯ ಪಕ್ಕದಲ್ಲಿದ್ದದ್ದು ಅದೇ ಬೆಂಚು. ಅದರ ಮೇಲೆ ಕುಸಿದು ಕೂತು, ತಲೆಗೂದಲು ಕೆದರಿಕೊಂಡು, ಪೇಟೆಯ ನಟ್ಟನಡುವೆ, ನೂರಾರು ಜನರ ಎದುರಿಗೆ ಎದೆ ಬಡಿದುಕೊಂಡು ಅತ್ತಳು. ಏಳು ವರ್ಷ ಒಳಗಿಟ್ಟದ್ದೆಲ್ಲ ಬಂತು. ದುಗ್ಗಮ್ಮ ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಜನರ ಕಡೆ ತಿರುಗಿದಳು.

"ನೋಡ್ತಾ ನಿಂತಿದೀರಲ್ಲ, ನಾಚ್ಕೆ ಆಗಲ್ವಾ? ಹೋಗಿ ನಿಮ್ ನಿಮ್ ಕೆಲ್ಸ ನೋಡಿ. ಕೂತು ಅಳ್ಲಿ ಅವ್ಳು."

ಜನ ಮೆಲ್ಲಗೆ ಚದುರಿದರು. ಅಂಗಡಿಗಳು ಬಾಗಿಲು ತೆಗೆದವು. ಬೆಳ್ಳಪ್ಪ ಕುಂಟುತ್ತ ಹೋಗಿ ನಲ್ಲಿಯಿಂದ ಒಂದು ಚೊಂಬು ನೀರು ತಂದು ಶರಾವತಿಯ ಪಕ್ಕದಲ್ಲಿಟ್ಟ. ದುಗ್ಗಮ್ಮ ಸಾಣೆಗೆ ಹೋದಳು. ಶರಾವತಿ ಸಂಜೆಯ ತನಕ ಅಲ್ಲೇ ಕೂತಿದ್ದಳು.